ಕ್ರಮವಾಗಿ ಚಿಂತೆ ಮಾಡುತ್ತಿದ್ದವರು

ಅವರು ತೀರಿಕೊಂಡಾಗ ಸಂಘದ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಹುಟ್ಟಿದ ಊರು, ಕೆಲಸ ಮಾಡಿದ ಮೂರು ಊರು, ನಿವೃತ್ತರಾದ ವರ್ಷ, ದಕ್ಷಿಣ ಕ್ಯಾಲಿಫೋರ್ನಿಯಾದ ಸದಸ್ಯರಿಗಾಗಿ ಮಾಡಿದ ಸೇವೆಗೆ ವಂದನೆ. ನಾಲ್ಕು ಸಾಲೂ ಸರಿಯಾಗಿದ್ದವು. ಅವರೇ ಬರೆದುಕೊಂಡಿದ್ದರೆ ಮೂರು ಸಾಲಿಗೆ ನಿಲ್ಲಿಸುತ್ತಿದ್ದರೇನೋ. ಮಾಡಿದ ಕೆಲಸ ಕಡತದಲ್ಲಿ ಇರಬೇಕು, ಮಾಡಿದವನ ಹೆಸರು ಅಲ್ಲಿ ಬೇಕಾಗಿಲ್ಲ ಎನ್ನುತ್ತಿದ್ದರು. ಹಾಗಾಗಿ ನಾನೂ ಇಲ್ಲಿ ಅವರ ಹೆಸರು ಬರೆಯುತ್ತಿಲ್ಲ.

ಸಂಘ ಎಂದರೆ ಯಾವ ಸಂಘ ಎಂದು ಹೇಳಬೇಕು. ಬೇರೆ ಬೇರೆ ದೇಶಗಳಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳ ನೌಕರಿಯಲ್ಲಿರುವ ಜರ್ಮನರು ತಮಗಾಗಿ ಕಟ್ಟಿಕೊಂಡದ್ದು ಅದು. ಇಂಥ ನೌಕರರು ತಮ್ಮ ದೇಶದ ಸರ್ಕಾರದವರಲ್ಲ, ತಾವು ಇರುವ ದೇಶದ ಪ್ರಜೆಗಳೂ ಅಲ್ಲ. ನೌಕರಿ ಇರುವ ತನಕ ವೀಸಾ, ಮನೆ, ಮಕ್ಕಳ ಶಾಲೆ ಎಲ್ಲ ಸುಗಮ. ನೌಕರಿ ಮುಗಿದ ದಿನ, ಅಥವಾ ನೌಕರಿಯಲ್ಲಿದ್ದವರೇ ಇಲ್ಲವಾದ ದಿನ, ಎಲ್ಲವೂ ಒಟ್ಟಿಗೇ ಪ್ರಶ್ನೆಯಾಗಿಬಿಡುತ್ತದೆ. ಆ ಹೊತ್ತಿಗೆ ಏನು ಮಾಡಬೇಕು, ಯಾರನ್ನು ಕೇಳಬೇಕು ಎಂದು ತಿಳಿಸುವುದು ಸಂಘದ ಕೆಲಸ. ಲಾಸ್ ಏಂಜಲಿಸ್‌ನಿಂದ ಸ್ಯಾನ್ ಡಿಯೇಗೊವರೆಗೆ ಸೇರಿಸಿದರೂ ಹದಿನೈದಿಪ್ಪತ್ತು ಮನೆಗಳು ಅಷ್ಟೆ. ಕಚೇರಿ ಎಂಬುದು ಇರಲಿಲ್ಲ. ಗ್ಲೆಂಡೇಲ್‌ನ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇದ್ದ ಇವರೇ ಕಚೇರಿ.

ನಾನು ಮೈಸೂರಿನವಳು. ನನ್ನ ಗಂಡ ಪೀಟರ್ ಜರ್ಮನ್. ಸಮುದ್ರದ ಮೀನುಗಳ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಅವನಿಗೆ ಕೆಲಸ ಸಿಕ್ಕಿ 2004ರಲ್ಲಿ ನಾವು ಸ್ಯಾನ್ ಡಿಯೇಗೊಗೆ ಬಂದೆವು. ಮಗಳು ಮೀರಾ ಇಲ್ಲೇ ಹುಟ್ಟಿದಳು. ಅವಳು ಅಮೆರಿಕದ ಪ್ರಜೆ. ನನ್ನ ವೀಸಾ ಮಾತ್ರ ಪೀಟರನ ನೌಕರಿಗೆ ಅಂಟಿಕೊಂಡದ್ದು. ಹದಿನಾರು ವರ್ಷ ಅದು ನನಗೆ ಒಮ್ಮೆಯೂ ಭಯದ ವಿಷಯ ಅನ್ನಿಸಿರಲಿಲ್ಲ. ಭಯಪಡಬೇಕು ಎಂದು ಮೊದಲು ಹೇಳಿದವರು ಇವರು.

ಅವರು ದೊಡ್ಡ ಹುದ್ದೆಯಲ್ಲಿದ್ದವರೇನಲ್ಲ. ಒಂದು ಊರಿನಿಂದ ಇನ್ನೊಂದು ಊರಿಗೆ ವರ್ಗವಾಗುವ ನೌಕರರ ಮನೆ ಸಾಮಾನು ಸಾಗಿಸುವ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದ್ದರು, ವಿಯೆನ್ನಾದಲ್ಲಿ, ನೈರೋಬಿಯಲ್ಲಿ, ಕೊನೆಗೆ ನ್ಯೂಯಾರ್ಕಿನಲ್ಲಿ. ಯಾರ ಹೆಸರು ಹೇಳಿದರೂ ಅವರಿಗೆ ಮುಖಕ್ಕಿಂತ ಮೊದಲು ಪೆಟ್ಟಿಗೆಗಳು ನೆನಪಾಗುತ್ತಿದ್ದವು. "ಅವರಾ? ನಲವತ್ತೆರಡು ಪೆಟ್ಟಿಗೆ, ಒಂದು ಪಿಯಾನೊ. ಪಿಯಾನೊ ನುಡಿಸುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ." ಮಗಳ ಹತ್ತಿರ ಇರಬೇಕೆಂದು ಗ್ಲೆಂಡೇಲ್‌ಗೆ ಬಂದಿದ್ದರು. ಎರಡು ವರ್ಷಕ್ಕೆ ಮಗಳು ಜರ್ಮನಿಗೆ ಹೊರಟುಹೋದಳು. "ಅವಳದು ಹತ್ತೊಂಬತ್ತೇ ಪೆಟ್ಟಿಗೆ," ಎಂದಿದ್ದರು, ಅಷ್ಟೆ.

ಗ್ಲೆಂಡೇಲ್‌ನಿಂದ ನಮ್ಮ ಮನೆಗೆ ಎರಡೂಕಾಲು ಗಂಟೆಯ ದಾರಿ. ಅವರಿಗೆ ಮೂರೂವರೆ ಬೇಕಾಗುತ್ತಿತ್ತು. ಫ್ರೀವೇಯ ಬಲತುದಿಯ ಲೇನಿನಲ್ಲಿ ಲಾರಿಗಳ ಹಿಂದೆ ಐವತ್ತೈದು ಮೈಲಿ ವೇಗದಲ್ಲಿ ಬರುತ್ತಿದ್ದರು. ಹೊರಡುವ ಮುಂಚೆ ಒಂದು ಫೋನು, ಅರ್ಧ ದಾರಿಯಲ್ಲಿ ಒಂದು ಫೋನು. ಮೀರಾ ಕಿಟಕಿಯಲ್ಲಿ ನಿಂತು, "ಅಮ್ಮ, ಫೋಲ್ಡರ್ ಅಂಕಲ್ ಈಸ್ ಹಿಯರ್. ಹಿ ಈಸ್ ಸ್ಟಿಲ್ ಪಾರ್ಕಿಂಗ್," ಎನ್ನುವಳು. ಐದು ನಿಮಿಷದ ಮೇಲೆ ಮತ್ತೆ, "ಸ್ಟಿಲ್ ಪಾರ್ಕಿಂಗ್."

ಅವರೆದುರು ಯಾರಾದರೂ ಬಾಯಿಮಾತಿಗೆ ಚಿಂತೆ ಮಾಡಬೇಡಿ ಎಂದರೆ ಅವರು ಸಹಿಸುತ್ತಿರಲಿಲ್ಲ. ಕನ್ನಡಕ ತೆಗೆದು, ನಿಧಾನದ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು: "ಚಿಂತೆ ಮಾಡಿ. ಆದರೆ ಕ್ರಮವಾಗಿ ಮಾಡಿ. ಮೊದಲನೇ ಚಿಂತೆ ಯಾವುದು, ಎರಡನೆಯದು ಯಾವುದು, ಬರೆದುಕೊಳ್ಳಿ."

ವರ್ಷಕ್ಕೊಮ್ಮೆ ಅವರು ಪ್ರತಿ ಸದಸ್ಯರ ಮನೆಗೂ ಬಂದು ಒಂದು ಅಭ್ಯಾಸ ಮಾಡಿಸುತ್ತಿದ್ದರು. ನಮ್ಮ ಮನೆಗೆ ಕೊನೆಯ ಸಲ ಅದಕ್ಕಾಗಿ ಬಂದದ್ದು 2020ರ ಫೆಬ್ರವರಿಯಲ್ಲಿ. ಪೀಟರನನ್ನು ಸೋಫಾದಲ್ಲಿ ಕೂರಿಸಿದರು. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು.

"ಈಗಿನಿಂದ ಹತ್ತು ನಿಮಿಷ ನೀವು ಇಲ್ಲ," ಎಂದರು ಪೀಟರನಿಗೆ. "ಮಾತಾಡುವಂತಿಲ್ಲ." ನನ್ನ ಕಡೆ ತಿರುಗಿ, "ಮೇಡಂ, ನಿಮ್ಮ ಗಂಡ ಇವತ್ತು ಬೆಳಿಗ್ಗೆ ತೀರಿಕೊಂಡಿದ್ದಾರೆ. ನನಗೆ ಏಳು ಕಾಗದ ಬೇಕು," ಎಂದು ಒಂದು ಚೀಟಿ ಕೊಟ್ಟರು. ನೌಕರಿಯ ಒಪ್ಪಂದ, ಮದುವೆಯ ಸರ್ಟಿಫಿಕೇಟು, ವಿಮೆ, ನನ್ನ ಹೊಸ ಪಾಸ್‌ಪೋರ್ಟು, ಹಳೆಯ ಪಾಸ್‌ಪೋರ್ಟು, ಹೀಗೆ.

ನಾನು ನಗುತ್ತಲೇ ಶುರು ಮಾಡಿದೆ. ಮೂರನೆಯ ಡ್ರಾಯರಿನ ಹೊತ್ತಿಗೆ ನಗು ನಿಂತಿತ್ತು. ಪೀಟರ್ ತುಟಿ ಬಿಗಿಹಿಡಿದು, ಕಣ್ಣಿನಲ್ಲೇ ಪುಸ್ತಕದ ಕಪಾಟು ತೋರಿಸಿದ.

"ಕಣ್ಣು ಮುಚ್ಚಿ," ಎಂದರು ಅವರು. ಪೀಟರ್ ಮುಚ್ಚಿದ.

ಹತ್ತು ನಿಮಿಷದಲ್ಲಿ ನನಗೆ ಸಿಕ್ಕಿದ್ದು ನಾಲ್ಕು. ಹಳೆಯ ಪಾಸ್‌ಪೋರ್ಟು ಮನೆಯಲ್ಲೇ ಇರಲಿಲ್ಲ. ಒಮ್ಮೆ ಮೈಸೂರಿಗೆ ಒಯ್ದದ್ದು ಅಮ್ಮನ ಬೀರುವಿನಲ್ಲಿ ಉಳಿದಿತ್ತು. "ಮುಂದಿನ ಸಲ ಹೋದಾಗ ತರ್ತೀನಿ," ಎಂದೆ. ಅವರು ಯಾವಾಗ ಎಂದು ಕೇಳಿದರು. ಏಪ್ರಿಲ್ ಎಂದೆ. ಬರೆದುಕೊಂಡರು.

ಆ ದಿನ ವೀಡಿಯೊ ಕಾಲ್‌ನಲ್ಲಿ ಅಮ್ಮನಿಗೆ ಹೇಳಿದ್ದೇ ತಪ್ಪಾಯಿತು. "ಅದ್ಯಾವನೇ ಅವ್ನು, ಕೂತಿರೋ ಗಂಡನ್ನ ಸತ್ತ ಅಂತ ಆಟ ಆಡಿಸೋನು? ಪೀಟರ್‌ಗಾದ್ರೂ ಬುದ್ಧಿ ಬೇಡ್ವಾ? ನೀನು ಸಂಜೆ ದೀಪ ಹಚ್ಚಿ ಅವನಿಗೆ ದೃಷ್ಟಿ ತೆಗಿ," ಎಂದಳು. ಪೀಟರ್ ಆಚೆ ಕೋಣೆಯಿಂದ, ತನಗೆ ಬರುವ ಮೂರು ಮತ್ತೊಂದು ಕನ್ನಡದಲ್ಲಿ, "ಅಮ್ಮ, ನಾನು ಇದೀನಿ," ಎಂದು ಕೂಗಿ ಹೇಳಿದ. ದೃಷ್ಟಿ ತೆಗೆದೆ.

ಏಪ್ರಿಲ್‌ನಲ್ಲಿ ಯಾವ ವಿಮಾನವೂ ಹಾರಲಿಲ್ಲ. ಮುಂದಿನ ಜನವರಿಯ ಒಂಬತ್ತನೇ ತಾರೀಖು ಪೀಟರ್ ಕೋವಿಡ್‌ನಿಂದ ಆಸ್ಪತ್ರೆಯಲ್ಲಿ ತೀರಿಕೊಂಡ. ನರ್ಸ್ ಒಬ್ಬರು ಟ್ಯಾಬ್ಲೆಟ್ ಹಿಡಿದು ತೋರಿಸಿದರು. ಆಗ ಅವನ ಕಣ್ಣು ಮುಚ್ಚಿತ್ತು. ಸೋಫಾದ ಮೇಲೆ ಮುಚ್ಚಿದ್ದಂತೆಯೇ ಇತ್ತು. ಅದನ್ನು ಹೀಗೆ ಬರೆಯುವುದಕ್ಕೆ ನನಗೆ ಮೂರು ವರ್ಷ ಬೇಕಾಯಿತು.

ಮೂರನೆಯ ದಿನ ಅವರು ಫೋನು ಮಾಡಿದರು. ಸಂತಾಪ ಹೇಳಿದರು. ಆಮೇಲೆ, "ಮೇಡಂ, ಒಂದು ಪೆನ್ಸಿಲ್ ತಗೊಳ್ಳಿ," ಎಂದರು.

ಅವರು ಹೇಳಿದ್ದು ಇಷ್ಟು. ಪೀಟರನೊಂದಿಗೆ ನನ್ನ ವೀಸಾದ ಆಧಾರವೂ ಹೋಗಿದೆ. ಆದರೆ ನನ್ನಂಥವರಿಗಾಗಿ ಕಾನೂನಿನಲ್ಲಿ ಒಂದು ದಾರಿ ಇದೆ. ಅಂತರರಾಷ್ಟ್ರೀಯ ಸಂಸ್ಥೆಯ ನೌಕರ ತೀರಿಕೊಂಡರೆ, ಅವನ ಹೆಂಡತಿ ಇಲ್ಲಿ ಹದಿನೈದು ವರ್ಷ ನಿಜವಾಗಿ ಬಾಳಿದ್ದರೆ, ಇಲ್ಲೇ ಉಳಿಯಲು ಅರ್ಜಿ ಹಾಕಬಹುದು. ಸಾವಿನ ದಿನದಿಂದ ಆರು ತಿಂಗಳೊಳಗೆ. ಆರು ತಿಂಗಳಿಗೆ ಒಂದು ದಿನ ಮೀರಿದರೂ ಆ ದಾರಿ ಮುಚ್ಚುತ್ತದೆ. ಮುಚ್ಚಿದರೆ ನಾನು ಹೊರಡಬೇಕು. ಮೀರಾಗೆ ಆಗ ಹದಿನಾಲ್ಕು. ಅವಳನ್ನು ಅವಳ ದೇಶದಲ್ಲಿ ಬಿಟ್ಟು ಹೋಗಬೇಕು, ಇಲ್ಲವೆ ಅವಳ ದೇಶದಿಂದ ಎಬ್ಬಿಸಿಕೊಂಡು ಹೋಗಬೇಕು.

"ಜುಲೈ ಒಂಬತ್ತು," ಎಂದರು. "ಬರೆದುಕೊಂಡಿರಾ? ನನಗೆ ಓದಿ ಹೇಳಿ."

ಅವರೇ ಕೂತು ಕಡತ ಕಟ್ಟಿದರು. ಎಪ್ಪತ್ತೆಂಟು ವರ್ಷ, ಎದೆಯ ತೊಂದರೆ ಬೇರೆ. ಯಾರ ಮನೆಯೊಳಗೂ ಕಾಲಿಡುತ್ತಿರಲಿಲ್ಲ. ಹಾಗಾಗಿ ನಾವು ಸೇರುತ್ತಿದ್ದುದು ಸ್ಯಾನ್ ಡಿಯೇಗೊದ ಕರ್ನಿ ಮೆಸಾ ಬಡಾವಣೆಯ ಕೊರಿಯನ್ ದಿನಸಿ ಅಂಗಡಿಯ ಪಾರ್ಕಿಂಗಿನ ಮೂಲೆಯಲ್ಲಿ. ಕಾರಿನ ಡಿಕ್ಕಿಯಿಂದ ಮಡಚುವ ಮೇಜು ಇಳಿಸಿ, ಎರಡು ಕುರ್ಚಿ ಹಾಕಿ, ಕಾಗದ ಹಾರದಂತೆ ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸುತ್ತಿದ್ದರು. ತಳ್ಳುಗಾಡಿ ತಳ್ಳಿಕೊಂಡು ಹೋಗುವವರು ನಾವೇನೋ ಮಾರುತ್ತಿದ್ದೇವೆ ಎಂದು ಬಗ್ಗಿ ನೋಡುತ್ತಿದ್ದರು. ಪ್ರತಿ ಹಾಳೆ ತಿರುಗಿಸಿದಾಗಲೂ ಅದರ ಮೂಲೆಯ ಮೇಲೆ ಹೆಬ್ಬೆರಳು ಒತ್ತಿ ಒಂದು ಕ್ಷಣ ಹಿಡಿಯುತ್ತಿದ್ದರು, ಹಾಳೆ ನಿಜವಾಗಿ ಅಲ್ಲಿದೆ ಎಂದು ಖಚಿತ ಮಾಡಿಕೊಂಡಂತೆ.

ಮೇ ಹೊತ್ತಿಗೆ ಒಂದು ಬಿಟ್ಟು ಎಲ್ಲ ಸೇರಿತ್ತು. ಆ ಒಂದು, ಮೈಸೂರಿನ ಹಳೆಯ ಪಾಸ್‌ಪೋರ್ಟು. ಮೊದಲ ಒಂಬತ್ತು ವರ್ಷ ನಾನು ಎಷ್ಟು ಸಲ ದೇಶದ ಹೊರಗೆ ಹೋದೆ, ಎಷ್ಟು ದಿನ ಇದ್ದೆ ಎಂಬುದಕ್ಕೆ ಅದರ ಮುದ್ರೆಗಳೇ ಸಾಕ್ಷಿ. ಊರಿನಲ್ಲಿ ಎರಡನೇ ಅಲೆ. ಅಮ್ಮ, ಅಣ್ಣ ಇಬ್ಬರೂ ಜ್ವರದಲ್ಲಿ ಮಲಗಿದ್ದರು. ಕೊರಿಯರ್ ಅಂಗಡಿ ಬಾಗಿಲು ಹಾಕಿತ್ತು. ಬೀರುವಿನ ಬೀಗದ ಕೈ ಹುಡುಕು ಎಂದು ಜ್ವರದಲ್ಲಿದ್ದ ಅಣ್ಣನಿಗೆ ಹೇಳುವಾಗ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿತ್ತು.

"ಕಾಯೋಣ," ಎಂದರು ಅವರು. "ಅರ್ಧ ಕಡತ ಕಡತವಲ್ಲ. ಮೂವತ್ತೊಂದು ವರ್ಷದಲ್ಲಿ ಖಾಲಿ ಜಾಗ ಇರುವ ಒಂದು ಕಾಗದವೂ ನನ್ನ ಮೇಜಿನಿಂದ ಹೊರಗೆ ಹೋಗಿಲ್ಲ." ಇನ್ನೊಮ್ಮೆ ನಿಧಾನವಾಗಿ ಪರೀಕ್ಷಿಸುತ್ತೇನೆ ಎಂದು ಮೂಲ ಕಾಗದಗಳನ್ನೆಲ್ಲ ಗ್ಲೆಂಡೇಲ್‌ಗೆ ಒಯ್ದರು.

ಜೂನ್ ಬಂತು. ನನ್ನ ಗೆಳತಿ ಫರೀದಾ ಆಗ ಮಧ್ಯೆ ಬಂದಳು. ಅವಳೂ ಮೈಸೂರಿನವಳೇ, ಸೊರೆಂಟೊ ವ್ಯಾಲಿಯ ಟೆಲಿಕಾಂ ಕಂಪನಿಯೊಂದರಲ್ಲಿ ಎಂಜಿನಿಯರ್. ಗ್ರೀನ್ ಕಾರ್ಡಿಗಾಗಿ ಹನ್ನೊಂದು ವರ್ಷ ಕಾದು ಗೆದ್ದವಳು. ಇಮಿಗ್ರೇಷನ್ ಆಫೀಸಿನ ರೀತಿನೀತಿ ಅವಳಿಗೆ ತನ್ನ ಅತ್ತೆಯ ಸ್ವಭಾವಕ್ಕಿಂತ ಚೆನ್ನಾಗಿ ಗೊತ್ತು.

"ಏ ಸುಧಾ, ನಿಂಗೆ ತಲೆ ಇದ್ಯಾ? ಇವತ್ತು ತಾರೀಖೆಷ್ಟು?"

"ಹದಿನೆಂಟು."

"ಆ ನಿನ್ನ ಜರ್ಮನ್ ಮೇಷ್ಟ್ರು ಇನ್ನೂ ಕಾಯ್ತಾ ಕೂತಿದಾರಾ? ಇದೇನು ಎಂಬ್ರಾಯ್ಡರೀನಾ, ಪೂರ್ತಿ ಆದ್ಮೇಲೆ ತೋರ್ಸಕ್ಕೆ? ಇಲ್ಲಿ ಮೊದ್ಲು ಫೈಲ್ ಮಾಡೋದು ಕಣೆ. ಏನಾದ್ರೂ ಕಮ್ಮಿ ಇದ್ರೆ ಅವ್ರೇ ಕಾಗದ ಬರೆದು ಕೇಳ್ತಾರೆ. ಆಗ ಕೊಟ್ರಾಯ್ತು."

"ಅವ್ರಿಗೆ ಹೇಳ್ದೆ. ಒಪ್ಪಲ್ಲ."

"ಇನ್ನೊಂದು ಕೇಳು. ಅಲ್ಲಿಗೆ ತಲುಪಿದ ದಿನ ಲೆಕ್ಕ. ನೀನು ಕಳ್ಸಿದ ದಿನ ಅಲ್ಲ. ಎಂಟನೇ ತಾರೀಖು ಪೋಸ್ಟ್‌ಗೆ ಹಾಕಿ ಕೂತ್ರೆ, ಮೀರಾನ್ನ ನಾನು ಸಾಕ್ಕೋಬೇಕಾಗತ್ತೆ."

ಅವಳ ಅಡುಗೆಮನೆಯ ಮೇಜಿನಲ್ಲಿ ಕೂತು ಇಬ್ಬರೂ ಅರ್ಜಿ ತುಂಬಿದೆವು. ನನ್ನ ಬಳಿ ಕಾಗದಗಳ ಸ್ಕ್ಯಾನ್ ಇತ್ತು. ಹಳೆಯ ಪ್ರಯಾಣಗಳನ್ನು ಫೋಟೋಗಳಿಂದ ಹೆಕ್ಕಿದೆವು. ಫರೀದಾ ಲ್ಯಾಪ್‌ಟಾಪಿನಲ್ಲಿ ವರ್ಷ ವರ್ಷವಾಗಿ ತೆಗೆದಳು: ಮೀರಾಳ ನಾಮಕರಣ, ಅಣ್ಣನ ಮದುವೆ, ದಸರಾ ರಜೆ, ಪೀಟರನ ತಂಗಿಯ ಮನೆ. ಮೊದಲ ಫೋಟೋದ ತಾರೀಖಿನಿಂದ ಕೊನೆಯ ಫೋಟೋದ ತಾರೀಖಿಗೆ ಎಣಿಸಿ, ಆಚೆ ಈಚೆ ಪ್ರಯಾಣದ ದಿನ ಸೇರಿಸಿದೆವು. ನಾನೂರ ಹನ್ನೆರಡು ದಿನ. ಇದು ಸತ್ಯ ಎಂದು ಪ್ರಮಾಣ ಮಾಡುತ್ತೇನೆ ಎಂಬ ಸಾಲಿನ ಕೆಳಗೆ ಸಹಿ ಹಾಕಿದೆ. ಜೂನ್ ಇಪ್ಪತ್ತೆರಡಕ್ಕೆ ಕೊರಿಯರ್ ಹೋಯಿತು, ಇಪ್ಪತ್ತಮೂರಕ್ಕೆ ತಲುಪಿತು. ಅವರಿಗೆ ಹೇಳಲಿಲ್ಲ. ಪಾಸ್‌ಪೋರ್ಟು ಬಂದ ಮೇಲೆ ಹೇಳಿದರಾಯಿತು ಅಂದುಕೊಂಡೆ.

ಪಾಸ್‌ಪೋರ್ಟು ಬಂದದ್ದು ಜುಲೈ ಏಳರ ಸಂಜೆ. ಫೋನು ಮಾಡಿ ತಿಳಿಸಿದೆ. ಅರ್ಜಿ ಆಗಲೇ ಹೋಗಿದೆ ಎನ್ನಲು ಬಾಯಿ ತೆರೆಯುವ ಮುನ್ನವೇ ಅವರ ಉಸಿರು ಜೋರಾಯಿತು. "ನಾಳೆ ಹತ್ತು ಗಂಟೆಗೆ," ಎಂದರು. ಎಂಟರ ಬೆಳಿಗ್ಗೆ ಅದೇ ಪಾರ್ಕಿಂಗ್, ಅದೇ ಮೇಜು. ಅವರು ಬೆಳಿಗ್ಗೆ ಐದೂವರೆಗೇ ಹೊರಟಿದ್ದರಂತೆ. ಕಡತಕ್ಕೆ ಹೊಸ ರಟ್ಟು ಹಾಕಿದ್ದರು. ಭೂತಗನ್ನಡಿ ಹಿಡಿದು ಒಂದೊಂದು ಮುದ್ರೆಯನ್ನೂ ಓದಿದರು. ಹೊರಟ ದಿನ, ಮರಳಿದ ದಿನ, ನಡುವಿನ ದಿನಗಳು. ಎರಡು ಗಂಟೆ ಹಿಡಿಯಿತು. ನಡುವೆ ನಿಲ್ಲಿಸಿದರು.

"2009, ನವೆಂಬರ್. ಹತ್ತೊಂಬತ್ತು ದಿನ. ಇದು ಏನು ಮೇಡಂ? ಇದು ನೀವು ಕೊಟ್ಟ ಪಟ್ಟಿಯಲ್ಲಿ ಇಲ್ಲ."

ನನಗೆ ತಕ್ಷಣ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಅದು ಅಪ್ಪ ಹೋದಾಗಿನದು. ಸುದ್ದಿ ಬಂದ ದಿನವೇ ಹೊರಟು, ಕರ್ಮಗಳೆಲ್ಲ ಮುಗಿದ ಮೇಲೆ ಮರಳಿದ್ದೆ. ಆ ಹತ್ತೊಂಬತ್ತು ದಿನಗಳ ಒಂದು ಫೋಟೋವೂ ಇಲ್ಲ. ಅಂಥ ಹೊತ್ತಿನಲ್ಲಿ ಯಾರು ತೆಗೆಯುತ್ತಾರೆ.

"ನನ್ನ ತಂದೆ ತೀರಿಕೊಂಡಿದ್ದರು," ಎಂದೆ.

ಅವರು ಪೆನ್ಸಿಲ್ ಕೆಳಗಿಟ್ಟರು. ಮತ್ತೆ ತೆಗೆದುಕೊಂಡು ಬರೆದರು. ಒಟ್ಟು ನಾನೂರ ಮೂವತ್ತೊಂದು.

ಆಗಲೇ ಹೇಳಬೇಕಿತ್ತು. ಎರಡು ವಾರದ ಹಿಂದೆ ನಾನು ಸಹಿ ಮಾಡಿ ಕಳಿಸಿದ ಕಾಗದದಲ್ಲಿ ಸುಳ್ಳಿದೆ ಎಂದು ನನಗೆ ಆ ಕ್ಷಣ ಗೊತ್ತಾಗಿತ್ತು. ಹತ್ತೊಂಬತ್ತು ದಿನ ಹೆಚ್ಚಾದರೂ ಹದಿನೈದು ವರ್ಷಕ್ಕೆ ಕೊರತೆ ಇರಲಿಲ್ಲ. ತೊಂದರೆ ಅದಲ್ಲ. ಪ್ರಮಾಣ ಮಾಡಿ ತಪ್ಪು ಬರೆದದ್ದು ತೊಂದರೆ. ಅವರು ಕಡತ ನನ್ನ ಕಡೆ ತಿರುಗಿಸಿ, "ಈಗ ಪೂರ್ತಿಯಾಯಿತು," ಎಂದರು. ಮಾಸ್ಕಿನ ಮೇಲೆ ಕಾಣುತ್ತಿದ್ದ ಕಣ್ಣುಗಳಲ್ಲಿ ಆರು ತಿಂಗಳಲ್ಲಿ ಮೊದಲ ಸಲ ಒಂದು ನಿರಾಳ ಇತ್ತು. ನಾನು ಎರಡನೆಯ ಸಲ ಪ್ರಮಾಣದ ಸಾಲಿನ ಕೆಳಗೆ ಸಹಿ ಹಾಕಿದೆ.

ಪೋಸ್ಟ್ ಆಫೀಸಿಗೆ ಜೊತೆಯಲ್ಲೇ ಹೋದೆವು. "ಕೊರಿಯರ್ ಮಾಡೋಣವೇ? ನಾಳೆ ತಲುಪುತ್ತೆ," ಎಂದೆ.

"ಬೇಡ. ಕೊರಿಯರ್ ಖಾಸಗಿ ಕಂಪನಿ. ಸರ್ಕಾರದ ಅಂಚೆಯ ಮುದ್ರೆ ಬೇಕು. ಮುದ್ರೆಯ ದಿನವೇ ಸಲ್ಲಿಸಿದ ದಿನ. ನಮ್ಮ ವಿಭಾಗದಲ್ಲಿ ಯಾವಾಗಲೂ ಹಾಗೆಯೇ."

ಕೌಂಟರಿನ ಹುಡುಗಿಗೆ ಹೇಳಿ ರಸೀದಿಯ ಮೇಲೆ ಮುದ್ರೆಯನ್ನು ಇನ್ನೊಮ್ಮೆ, ಸ್ಪಷ್ಟವಾಗಿ ಒತ್ತಿಸಿದರು. ಭೂತಗನ್ನಡಿಯಲ್ಲಿ ನೋಡಿದರು. ನನಗೆ ಫರೀದಾಳ ಮಾತು ಕಿವಿಯಲ್ಲಿತ್ತು. ಆದರೂ ಸುಮ್ಮನೆ ನಿಂತಿದ್ದೆ. ಇದು ತಡವಾಗಿ ತಲುಪಿದರೂ ನನ್ನದು ಆಗಲೇ ತಲುಪಿದೆ, ತಡವಾದ್ದನ್ನು ಆಫೀಸಿನವರು ಹಿಂದಕ್ಕೆ ಕಳಿಸುತ್ತಾರೆ, ಅಲ್ಲಿಗೆ ಮುಗಿಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಅವರು ಬಲತುದಿಯ ಲೇನಿಗೆ ಹೊರಳುವುದನ್ನು ನೋಡಿ ಮನೆಗೆ ಬಂದೆ.

ಅಲ್ಲಿಗೆ ಮುಗಿಯಲಿಲ್ಲ. ಹತ್ತು ತಿಂಗಳ ಮೇಲೆ ಇಮಿಗ್ರೇಷನ್ ಆಫೀಸಿನಿಂದ ಕಾಗದ ಬಂತು. ನಿಮ್ಮ ಹೆಸರಿನಲ್ಲಿ ಎರಡು ಅರ್ಜಿ ಬಂದಿವೆ. ಎರಡನೆಯದು ಜುಲೈ ಹನ್ನೆರಡಕ್ಕೆ ತಲುಪಿದೆ. ಗಡುವು ಮೀರಿದ ಕಾರಣ ಅದನ್ನು ಪರಿಗಣಿಸಿಲ್ಲ. ಆದರೆ ಅದರಲ್ಲಿ ಹೊರದೇಶದಲ್ಲಿದ್ದ ದಿನಗಳು ಮೊದಲನೆಯದಕ್ಕಿಂತ ಬೇರೆ. ಎರಡಕ್ಕೂ ನೀವೇ ಪ್ರಮಾಣ ಮಾಡಿದ್ದೀರಿ. ಮೊದಲನೆಯದನ್ನು ಏಕೆ ತಿರಸ್ಕರಿಸಬಾರದು ಎಂಬುದಕ್ಕೆ ಇಷ್ಟು ದಿನದೊಳಗೆ ವಿವರಣೆ ಕೊಡಿ.

ಫರೀದಾ ಕಾಗದವನ್ನು ಎರಡು ಸಲ ಓದಿದಳು. ಅವಳು ತಮಾಷೆ ಮಾಡದೆ ಇದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಲಾಯರ್ ನೋಡೋಣ," ಎಂದಳು. ಆಮೇಲೆ, "ಮೊದ್ಲು ಅವ್ರ ಹತ್ರ ಹೋಗು. ನಾನು ಬರ್ಲಾ?" ಎಂದಳು. ಬೇಡ ಎಂದೆ.

ಗ್ಲೆಂಡೇಲ್‌ವರೆಗೂ ನಾನು ಬಲತುದಿಯ ಲೇನಿನಲ್ಲೇ ಡ್ರೈವ್ ಮಾಡಿದೆ. ಬೇಗ ತಲುಪುವುದು ಬೇಕಿರಲಿಲ್ಲ. ಅವರು ಸೊರಗಿಹೋಗಿದ್ದರು. ಅಂಗಿಯ ಕಾಲರಿನೊಳಗೆ ಕತ್ತು ಸಣ್ಣಗೆ ಕಾಣುತ್ತಿತ್ತು. ಕಾಫಿ ಮಾಡಿ, ಕಪ್ಪನ್ನು ನನ್ನೆದುರಿಗಿಟ್ಟು, ಕಾಗದ ಓದಿದರು. ಹೆಬ್ಬೆರಳು ಮೂಲೆಯ ಮೇಲೆಯೇ ಇತ್ತು, ಎತ್ತಲೇ ಇಲ್ಲ.

"ಯಾವಾಗ ಕಳಿಸಿದಿರಿ?"

"ಜೂನ್ ಇಪ್ಪತ್ತೆರಡು."

"ಹಾಗಾದರೆ ನಾನು ಪಾರ್ಕಿಂಗಿಗೆ ಬಂದಾಗ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಹತ್ತೊಂಬತ್ತು ದಿನ ಅದರಲ್ಲಿ ಇಲ್ಲ ಎಂಬುದೂ."

"ಗೊತ್ತಿತ್ತು."

"ಏಕೆ ಹೇಳಲಿಲ್ಲ?"

"ನೀವು ಅಷ್ಟು ದೂರ ಬಂದಿದ್ದಿರಿ. ಕಡತಕ್ಕೆ ಹೊಸ ರಟ್ಟು ಹಾಕಿದ್ದಿರಿ."

"ಅದು ಕಾರಣ ಅಲ್ಲ, ಮೇಡಂ," ಎಂದರು. "ಅದು ಮರ್ಯಾದೆ. ಮರ್ಯಾದೆಯನ್ನು ಪ್ರಮಾಣದ ಕಾಗದದಲ್ಲಿ ಬರೆಯಲು ಆಗುವುದಿಲ್ಲ."

ಅವರು ಎದ್ದು ಒಳಗೆ ಹೋದರು. ಅಂಚೆಯ ರಸೀದಿ ಇದ್ದ ಕವರು ತಂದರು. ಸ್ಪಷ್ಟವಾದ ಮುದ್ರೆ, ಜುಲೈ ಎಂಟು. ಅದನ್ನು ಆಫೀಸಿನ ಕಾಗದದ ಪಕ್ಕ ಇಟ್ಟು, ಒಂದರಿಂದ ಇನ್ನೊಂದಕ್ಕೆ ನೋಡಿದರು. ಬಹಳ ಹೊತ್ತು. ಹೊರಗೆ ಯಾರದೋ ಕಾರಿನ ಅಲಾರಂ ಹೊಡೆದುಕೊಂಡು ನಿಂತಿತು.

"ನನ್ನದು ತಡವಾಗಿದೆ," ಎಂದರು ಕೊನೆಗೆ. "ನಿಮ್ಮದು ಹೋಗದೆ ಇದ್ದಿದ್ದರೆ ನೀವು ಈಗ ಇಲ್ಲಿ ಕೂತಿರುತ್ತಿರಲಿಲ್ಲ."

ರಸೀದಿಯನ್ನು ಮತ್ತೆ ಕವರಿಗೆ ಹಾಕಿದರು.

"ನೈರೋಬಿಯಲ್ಲಿ ಒಮ್ಮೆ," ಎಂದು ಶುರು ಮಾಡಿದರು. ನಿಲ್ಲಿಸಿದರು. "ಇಲ್ಲ. ಅದು ಬೇರೆ ಕಡತ."

ಒಂದು ಬಿಳಿ ಹಾಳೆ ತೆಗೆದು ಕೈಯಲ್ಲೇ ಬರೆದರು. ಮೊದಲ ಸಾಲಿನಲ್ಲೇ ತಮ್ಮ ಪೂರ್ತಿ ಹೆಸರು, ಹುಟ್ಟಿದ ದಿನ, ವಿಳಾಸ. ಆಮೇಲೆ ಹೀಗೆ: ಅರ್ಜಿದಾರಳ ಮೂಲ ಕಾಗದಗಳನ್ನು ಮೇ ತಿಂಗಳಿಂದ ನಾನು ನನ್ನ ಮನೆಯಲ್ಲಿ ಇಟ್ಟುಕೊಂಡಿದ್ದೆ. ಪೂರ್ತಿಯಾಗದೆ ಕಳಿಸಬಾರದು ಎಂದು ತಡೆದವನು ನಾನು. ಅಂಚೆ ಮುದ್ರೆಯ ದಿನ ಸಾಕೆಂದು ತಿಳಿದದ್ದು ನನ್ನ ತಪ್ಪು. ಮೊದಲ ಅರ್ಜಿ ಹಾಕುವಾಗ ಹಳೆಯ ಪಾಸ್‌ಪೋರ್ಟು ಅವರ ಕೈಯಲ್ಲಿ ಇರಲಿಲ್ಲ. ಮುದ್ರೆಗಳನ್ನು ಎಣಿಸಿದವನು ನಾನು. ನಡುವೆ ತಲೆ ಎತ್ತಿ ಕೇಳಿದರು, "ನಿಮ್ಮ ತಂದೆ ಹೋದ ದಿನಗಳನ್ನು ನೀವು ಮರೆತಿದ್ದಿರಿ ಎಂದು ಬರೆಯಬಹುದೇ?"

"ಬರೆಯಿರಿ," ಎಂದೆ.

ಸಹಿ ಮಾಡಿದ ಮೇಲೆ ಇನ್ನೊಂದು ಖಾಲಿ ಹಾಳೆ ನನ್ನ ಮುಂದೆ ಸರಿಸಿದರು. "ಎರಡನೆಯ ಸಲ ಸಹಿ ಮಾಡುವಾಗ ಮೊದಲನೆಯದು ತಪ್ಪು ಎಂದು ನಿಮಗೆ ಗೊತ್ತಿತ್ತು. ಅದನ್ನು ನಾನು ಬರೆಯಲಾರೆ. ನಾನು ಕಂಡದ್ದನ್ನಷ್ಟೇ ಬರೆಯಬಲ್ಲೆ. ನಿಮ್ಮ ಮನಸ್ಸಿನಲ್ಲಿದ್ದದ್ದನ್ನು ನೀವೇ ಬರೆಯಬೇಕು."

"ಬರೆದರೆ ನನ್ನನ್ನು ಕಳಿಸಿಬಿಟ್ಟರೆ?"

"ಅದು ಮೊದಲನೇ ಚಿಂತೆ. ಬರೆಯದೆ ಇದ್ದು ಅವರಿಗೇ ಗೊತ್ತಾದರೆ?"

ಬರೆದೆ. ಐದು ಸಾಲು ಬರೆಯಲು ಕಾಫಿ ಪೂರ್ತಿ ಆರುವಷ್ಟು ಹೊತ್ತು ಹಿಡಿಯಿತು. ಅವರು ಓದಿದರು, ಒಂದು ಕಡೆ ತಾರೀಖು ಬಿಟ್ಟಿದ್ದೆ, ತೋರಿಸಿದರು. ಎರಡೂ ಹಾಳೆಗಳನ್ನು ಕವರಿಗೆ ಹಾಕಿ, ನನ್ನ ಕೈಗೆ ಕೊಡುತ್ತಾ, "ಕೊರಿಯರ್‌ನಲ್ಲಿ," ಎಂದರು.

ಉತ್ತರಕ್ಕಾಗಿ ಕಾದ ತಿಂಗಳುಗಳ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಪ್ರತಿ ಮಧ್ಯಾಹ್ನ ಅಂಚೆಯ ಗಾಡಿಯ ಸದ್ದಿಗೆ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಮೀರಾ ಕಾಲೇಜಿನ ಮಾತು ಎತ್ತಿದರೆ ನಾನು ಬೇರೆ ಮಾತು ತೆಗೆಯುತ್ತಿದ್ದೆ. ಒಂದು ದಿನ ಅವಳು ನೇರವಾಗಿ ಕೇಳಿದಳು, "ಅಮ್ಮ, ಜಸ್ಟ್ ಟೆಲ್ ಮಿ. ಶುಡ್ ಐ ಅಪ್ಲೈ ಹಿಯರ್ ಆರ್ ನಾಟ್?" "ಅಪ್ಲೈ ಮಾಡು," ಎಂದೆ. "ದಟ್ಸ್ ನಾಟ್ ಆ್ಯನ್ ಆನ್ಸರ್," ಎಂದು ಬಾಗಿಲು ಹಾಕಿಕೊಂಡಳು.

ಅವರು ವಾರಕ್ಕೊಮ್ಮೆ, ಗುರುವಾರ, ಫೋನು ಮಾಡುತ್ತಿದ್ದರು. "ಬಂತೇ?" "ಇಲ್ಲ." "ಸರಿ." ಅಷ್ಟೇ ಮಾತು. 2023ರ ಮಾರ್ಚಿನಲ್ಲಿ ಒಂದು ಗುರುವಾರ ಫೋನು ಬರಲಿಲ್ಲ. ಶುಕ್ರವಾರ ನಾನೇ ಮಾಡಿದೆ. ಅವರ ಮಗಳು ಎತ್ತಿದಳು. ಜರ್ಮನಿಯಿಂದ ಅವತ್ತು ಬೆಳಿಗ್ಗೆ ಬಂದಿಳಿದಿದ್ದಳಂತೆ. ನಾನು ಯಾರು ಎಂದು ಹೇಳಲು ಹೋದೆ. "ಗೊತ್ತು," ಎಂದಳು. "ನೀವು ಅಪ್ಪನ ಪಟ್ಟಿಯಲ್ಲಿ ಇದ್ದೀರಿ."

ಸಂದರ್ಶನಕ್ಕೆ ಕರೆ ಬಂದದ್ದು ಜೂನ್‌ನಲ್ಲಿ. ಸ್ಯಾನ್ ಡಿಯೇಗೊ ಡೌನ್‌ಟೌನಿನ ಸರ್ಕಾರಿ ಕಟ್ಟಡ. ಅಧಿಕಾರಿ ನನ್ನ ವಯಸ್ಸಿನ ಹೆಂಗಸು. ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದರು. ಎರಡೂ ಅರ್ಜಿಗಳು ಅವರ ಮುಂದೆ ಇದ್ದವು, ಜೊತೆಗೆ ಆ ಎರಡು ಕೈಬರಹದ ಹಾಳೆಗಳು. ಅಧಿಕಾರಿ ಗ್ಲೆಂಡೇಲ್‌ನವರ ಹಾಳೆಯನ್ನು ಮೊದಲು ಓದಿದರು, ಆಮೇಲೆ ನನ್ನದನ್ನು. ನನ್ನದನ್ನು ಓದುವಾಗ ತಲೆ ಎತ್ತಲಿಲ್ಲ.

"ಈ ವ್ಯಕ್ತಿ ಅಗತ್ಯವಿದ್ದರೆ ಸಾಕ್ಷಿ ಹೇಳಲು ಬರಬಹುದೇ?"

"ಮಾರ್ಚಿನಲ್ಲಿ ತೀರಿಕೊಂಡರು."

"ಕ್ಷಮಿಸಿ. ಅವರು ನಿಮಗೆ ಏನಾಗಬೇಕು?"

"ಸಂಬಂಧ ಏನೂ ಇಲ್ಲ. ಗಂಡನ ಸಂಘದವರು."

ಅಧಿಕಾರಿ ಅದನ್ನು ಬರೆದುಕೊಂಡರು. ಪೆನ್ನಿನ ತುದಿಯನ್ನು ಒಂದು ಸಂಖ್ಯೆಯ ಮೇಲಿಟ್ಟು, ಇನ್ನೊಂದರ ಮೇಲಿಟ್ಟು, ಕೇಳಿದರು:

"ನೀವು ಈಗ ಪ್ರಮಾಣದ ಮೇಲೆ ಇದ್ದೀರಿ. ಈ ಎರಡು ಲೆಕ್ಕಗಳಲ್ಲಿ ಯಾವುದು ನಿಜ?"

"ಅವರದ್ದು," ಎಂದೆ.

ನನ್ನ ಮೊದಲ ಅರ್ಜಿಯನ್ನು ಅಧಿಕಾರಿ ನನ್ನ ಕಡೆ ತಿರುಗಿಸಿದರು. ನಾನೂರ ಹನ್ನೆರಡನ್ನು ನಾನೇ ಹೊಡೆದು, ಪಕ್ಕದಲ್ಲಿ ನಾನೂರ ಮೂವತ್ತೊಂದು ಎಂದು ಬರೆದು, ಸಹಿ ಹಾಕಿದೆ. ತಾರೀಖು ಕೇಳುವ ಮುನ್ನವೇ ಅದನ್ನೂ ಹಾಕಿದೆ. ಅಧಿಕಾರಿ ಹಾಳೆ ತೆಗೆದುಕೊಂಡು ಕಂಪ್ಯೂಟರಿನಲ್ಲಿ ಬಹಳ ಹೊತ್ತು ಏನೋ ಟೈಪ್ ಮಾಡಿದರು. ಆಮೇಲೆ ಕಡತ ಮುಚ್ಚಿ, ಒಪ್ಪಿದ್ದೇನೆ, ಕಾರ್ಡು ಅಂಚೆಯಲ್ಲಿ ಬರುತ್ತದೆ, ನೀವು ಮಗಳ ಜೊತೆ ಇಲ್ಲೇ ಇರಬಹುದು ಎಂದರು.

ನಾನು ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟೆ.

"ಕಡತಕ್ಕೆ ಸೇರಿಸಬೇಕಾದ್ದು ಇನ್ನೇನಾದರೂ ಇದೆಯೇ?" ಎಂದು ಕೇಳಿದರು.

ಇಲ್ಲ, ಪೂರ್ತಿಯಾಗಿದೆ ಎಂದೆ.